ದೀನಬಂಧು ರೈಫೈಸೆನ್

ಹಸಿದು ಬಂದವನಿಗೆ ಅನ್ನವಿಕ್ಕುವದು ಪುಣ್ಯವೆಂಬುದನ್ನು ಎಲ್ಲ ದೇಶಗಳ ಎಲ್ಲ ಧರ್ಮಗಳೂ ಸಾರಿ ಹೇಳಿವೆ. ಆದರೆ ಅನ್ನವಿಕ್ಕುವವನ ಕಣಜವು ಬರಿದಾದ ದಿನ ಆ ಹಸಿದವನ ಗತಿಯೇನು? ದಾನಿಯ ಮನಸ್ಸು ಬೇಸತ್ತ ದಿನ ದಾನವನ್ನೇ ನಂಬಿಕೊಂಡವನು ಯಾರ ಬಾಗಿಲಿಗೆ ಹೋಗಬೇಕು? ದಯೆಯೆಂಬುದು ಒಂದು ಬರಗಾಲಕ್ಕೆ ಮಾತ್ರ ಮೀಸಲಾಗದೆ ತಲೆಮಾರುಗಳವರೆಗೆ ಬಾಳುವಂತೆ ಮಾಡುವ ಉಪಾಯವುಂಟೇ? ಈ ಪ್ರಶ್ನೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿ ದೇಶದ ಒಂದು ಬಡ ಗುಡ್ಡಗಾಡಿನ ಪುರಾಧ್ಯಕ್ಷನನ್ನು ಹಗಲಿರುಳು ಕಾಡಿದವು. ಆತನು ಇವುಗಳಿಗೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕಲಿಲ್ಲ; ತನ್ನ ಅಧಿಕಾರದ ಹಳ್ಳಿಗಳಲ್ಲಿ ಒಂದಾದ ಮೇಲೊಂದು ಪ್ರಯತ್ನವನ್ನು ಮಾಡುತ್ತ, ಸೋಲುತ್ತ, ತಿದ್ದಿಕೊಳ್ಳುತ್ತ ಕಂಡುಕೊಂಡನು. ಇಂದು ನಮ್ಮ ಊರೂರುಗಳಲ್ಲಿ ಕಾಣುವ ಪತ್ತಿನ ಸಹಕಾರ ಸಂಘಗಳಿಗೆ ಮೂಲಪುರುಷನಾದ ಆ ಮಹನೀಯನೇ ಫ್ರೀಡ್ರಿಖ್ ವಿಲ್ಹೆಲ್ಮ್ ರೈಫೈಸೆನ್.

ಪುರಾಧ್ಯಕ್ಷ ಅಥವಾ ಮೇಯರ ಎಂದೊಡನೆ ದೊಡ್ಡ ಪಟ್ಟಣದ ಸಭಾಭವನದಲ್ಲಿ ಉಚ್ಚಾಸನದ ಮೇಲೆ ಕುಳಿತ ವೈಭವಶಾಲಿಯ ಚಿತ್ರವು ಕಣ್ಣ ಮುಂದೆ ಬರುವದು ಸಹಜ. ರೈಫೈಸೆನ್ನನ ಪದವಿಯು ಅಂಥದಾಗಿರಲಿಲ್ಲ. ಅಂದಿನ ಪ್ರಶಿಯಾ ರಾಜ್ಯದ ರೈನ್ ಪ್ರಾಂತದಲ್ಲಿ ಹಲವು ಹಳ್ಳಿಗಳನ್ನು ಒಂದು ಗುಂಪು ಮಾಡಿ, ಆ ಗುಂಪಿಗೆ ಒಬ್ಬ ಪುರಾಧ್ಯಕ್ಷನನ್ನು ಸರಕಾರವೇ ನೇಮಿಸುತ್ತಿದ್ದಿತು. ನಮ್ಮ ಕಡೆಯ ಪಾಟೀಲನ ಕೆಲಸವೂ ಮಾಮಲೇದಾರನ ಕೆಲಸವೂ ಅರೆಪಾಲಾಗಿ ಅವನ ಹೆಗಲಿಗೆ ಬೀಳುತ್ತಿದ್ದವು. ಹಳ್ಳಿಗಳ ಲೆಕ್ಕ, ರಸ್ತೆ, ಶಾಲೆ, ಬಡವರ ಪೋಷಣೆ, ಮೇಲಿನವರಿಗೆ ವರದಿ ಇವೆಲ್ಲವೂ ಅವನವೇ. ಸಂಬಳವು ಅಲ್ಪ, ತಿರುಗಾಟವು ಬಹಳ, ಕೀರ್ತಿಯು ಇಲ್ಲವೆಂಬಷ್ಟು. ಇಂಥ ಪದವಿಯಲ್ಲಿ ಸುಮಾರು 20 ವರ್ಷ ದುಡಿದು ಆತನು ಸಾಧಿಸಿದ ಕಾರ್ಯವು ಅನೇಕ ಮಂತ್ರಿಗಳ ಕಾರ್ಯಕ್ಕಿಂತಲೂ ಹೆಚ್ಚು ಕಾಲ ಉಳಿಯಿತು.

ರೈಫೈಸೆನ್ನನು 1818ನೆಯ ಇಸವಿ ಮಾರ್ಚ್ 30ರಂದು ಜೀಗ್ ನದಿಯ ದಡದಲ್ಲಿರುವ ಹಾಮ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಒಂಬತ್ತು ಮಕ್ಕಳಲ್ಲಿ ಈತನು ಏಳನೆಯವನು. ತಂದೆಯಾದ ಗಾಟ್‌ಫ್ರೀಡ್ ರೈಫೈಸೆನ್ ಒಕ್ಕಲುತನದವನು. ಕೆಲವು ಕಾಲ ಆ ಊರಿನ ಪುರಾಧ್ಯಕ್ಷನೂ ಆಗಿದ್ದನು. ಆದರೆ ಅವನು ರೋಗಕ್ಕೆ ತುತ್ತಾದುದರಿಂದ ಅಧಿಕಾರವು ಬೇಗನೆ ಕೈಬಿಟ್ಟಿತು. ಮನೆತನದ ಭಾರವೆಲ್ಲವೂ ತಾಯಿಯಾದ ಅಮಾಲಿಯೆಯ ಮೇಲೆ ಬಿದ್ದಿತು. ಆ ಸಾಧ್ವಿಯು ದೈವಭಕ್ತಿಯನ್ನೂ ದುಡಿಮೆಯನ್ನೂ ಮಕ್ಕಳಿಗೆ ಒಂದೇ ಪಾಠದಂತೆ ಕಲಿಸಿದಳು. ಬಡತನದ ದೆಸೆಯಿಂದ ಹುಡುಗನಿಗೆ ಹಳ್ಳಿಯ ಶಾಲೆಯ ಆಚೆಗೆ ಹೋಗಿ ಉಚ್ಚ ವಿದ್ಯೆಯನ್ನು ಪಡೆಯುವ ಯೋಗವಿರಲಿಲ್ಲ. ಊರಿನ ಪಾದ್ರಿಯೂ ಈತನ ಧರ್ಮಪಿತನೂ ಆಗಿದ್ದ ಜೈಪೆಲ್ ಎಂಬ ಸತ್ಪುರುಷನು ಕೆಲವು ವರ್ಷ ಮನೆಯಲ್ಲಿಯೇ ಪಾಠ ಹೇಳಿಕೊಟ್ಟನು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಹತ್ತದ ಈತನು ಮುಂದೆ ವಿದ್ವಾಂಸರು ಅಭ್ಯಸಿಸಬೇಕಾದ ಗ್ರಂಥವನ್ನು ಬರೆದನೆಂಬುದು ಗಮನಿಸತಕ್ಕ ಸಂಗತಿ.

ಹದಿನೇಳನೆಯ ವಯಸ್ಸಿನಲ್ಲಿ, ಎಂದರೆ 1835ರಲ್ಲಿ, ಈತನು ಕಲೋನ್ ನಗರದಲ್ಲಿ ಪ್ರಶಿಯಾದ ತೋಪಿನ ದಳವನ್ನು ಸೇರಿದನು. ಬಳಿಕ ಕೋಬ್ಲೆಂಟ್ಸ್ ಪಟ್ಟಣದಲ್ಲಿ ಶಿಕ್ಷಣ ಹೊಂದಿ, ಜಾಯ್ನ್ ಎಂಬಲ್ಲಿಯ ಕಬ್ಬಿಣದ ಕಾರಖಾನೆಯಲ್ಲಿ ತೋಪುಗುಂಡುಗಳ ಪರೀಕ್ಷೆಯ ಕೆಲಸಕ್ಕೆ ನಿಯಮಿತನಾದನು. ಸೈನ್ಯದಲ್ಲಿ ಮುಂದೆ ಬರುವ ಲಕ್ಷಣಗಳೆಲ್ಲ ಈತನಲ್ಲಿದ್ದವು. ಆದರೆ ದೈವಸಂಕಲ್ಪವು ಬೇರೆಯಾಗಿದ್ದಿತು. ಕಣ್ಣಿನ ಬೇನೆಯೊಂದು ಅಂಟಿಕೊಂಡು ದೃಷ್ಟಿಯು ಕುಂದತೊಡಗಿದ್ದರಿಂದ 1843ರಲ್ಲಿ ಸೈನ್ಯವನ್ನು ಬಿಡಬೇಕಾಯಿತು. ಆ ಬೇನೆಯು ಕೊನೆಯವರೆಗೂ ಆತನನ್ನು ಬಿಡಲಿಲ್ಲ. ಸೈನ್ಯವನ್ನು ಬಿಟ್ಟ ಮೇಲೆ ಮುಲ್ಕಿ ಇಲಾಖೆಯನ್ನು ಸೇರಿ, ಮಾಯೆನ್ ಎಂಬಲ್ಲಿ ಜಿಲ್ಲಾ ಕಚೇರಿಯ ಕಾರ್ಯದರ್ಶಿಯಾಗಿ ಕೆಲಸ ಮಾಡಿ, 1845ರಲ್ಲಿ ವೈಯರ್ಬುಷ್ ಎಂಬ ಹಳ್ಳಿಗಳ ಗುಂಪಿಗೆ ಪುರಾಧ್ಯಕ್ಷನಾಗಿ ಬಂದನು. ಆಗ ಆತನಿಗೆ ಇಪ್ಪತ್ತೇಳು ವರ್ಷ ವಯಸ್ಸು. ಅದೇ ವರ್ಷ ರೆಮಾಗೆನ್ ಊರಿನ ಔಷಧಿಕಾರನೊಬ್ಬನ ಮಗಳಾದ ಎಮಿಲಿಯೆಯೊಡನೆ ವಿವಾಹವಾಯಿತು.

ವೈಯರ್ಬುಷ್ ಇರುವದು ವೆಸ್ಟರ್ವಾಲ್ಡ್ ಎಂಬ ಗುಡ್ಡಗಾಡಿನಲ್ಲಿ. ಅಲ್ಲಿ ಚಳಿಗಾಲವು ದೀರ್ಘ, ಭೂಮಿಯು ಬಡ, ಹೊಲಗಳು ತುಂಡುತುಂಡು. ಒಕ್ಕಲಿಗರು ಜೀತದ ಕಟ್ಟಿನಿಂದ ಬಿಡುಗಡೆ ಹೊಂದಿ ಬಹಳ ಕಾಲವಾಗಿರಲಿಲ್ಲ. ಹೆಸರಿಗೆ ಸ್ವತಂತ್ರರಾದರೂ ಬೀಜಕ್ಕೆ, ದನಕ್ಕೆ, ಕಂದಾಯಕ್ಕೆ ಕೈಯಲ್ಲಿ ರೊಕ್ಕವಿಲ್ಲದೆ ಅವರು ಸಾಹುಕಾರರ ಬಾಗಿಲಿಗೆ ಹೊಸದಾಗಿ ಜೀತಗಾರರಾಗುತ್ತಿದ್ದರು. ಮಾಲನ್ನು ಮಾರಬೇಕೆಂದರೆ ರೈನ್ ನದಿಯ ದಡದ ಪೇಟೆಯನ್ನು ಮುಟ್ಟಲು ತಕ್ಕ ದಾರಿಯಿಲ್ಲ. ಹೊಸ ಪುರಾಧ್ಯಕ್ಷನು ಮೊದಲು ಕೈಹಾಕಿದ್ದು ಎರಡು ಕೆಲಸಗಳಿಗೆ. ಒಂದು ಶಾಲೆ, ಮತ್ತೊಂದು ರಸ್ತೆ. ಶಾಲೆಗೆ ಕಟ್ಟಡವನ್ನು ಕಟ್ಟಿಸಿದನು. ಗುಡ್ಡಗಾಡಿನಿಂದ ರೈನ್ ನದಿಯ ಕಣಿವೆಯ ಕಡೆಗೆ ಇಳಿಯುವ ರಸ್ತೆಯನ್ನು ಆರಂಭಿಸಿ, ತಾನು ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗವಾದಂತೆ ಅದನ್ನು ಮುಂದು ಮುಂದಕ್ಕೆ ಒಯ್ದನು. ವೈಯರ್ಬುಷ್‌ದಿಂದ ಫ್ಲಾಮರ್ಸ್‌ಫೆಲ್ಡ್ ಮೇಲೆ ಹಾಯ್ದು ನಾಯ್‌ವೀಡ್ ಪಟ್ಟಣದ ಕಡೆಗೆ ಹೋಗುವ ಆ ದಾರಿಯು ಇಂದಿಗೂ ಆತನ ಹೆಸರಿನಿಂದಲೇ ಕರೆಯಲ್ಪಡುತ್ತದೆ.

ಈ ಕೆಲಸಗಳು ಮೊದಲಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಆ ನಾಡಿಗೆ ಘೋರ ಕ್ಷಾಮವು ಬಂದೊದಗಿತು. ಆಗಲೇ ಯುರೋಪದ ಅನೇಕ ದೇಶಗಳಲ್ಲಿ ಬಟಾಟಿಯ ಬೆಳೆಗೆ ರೋಗ ಬಿದ್ದಿದ್ದಿತು. 1846ರಲ್ಲಿ ರೈ ಎಂಬ ಧಾನ್ಯವೂ ಕೈಕೊಟ್ಟಿತು. 1846-47ರ ಚಳಿಗಾಲದಲ್ಲಿ ವೆಸ್ಟರ್ವಾಲ್ಡಿನ ಬಡವರ ಮನೆಗಳಲ್ಲಿ ಒಲೆಗಳು ತಣ್ಣಗಾದವು. ಪುರಾಧ್ಯಕ್ಷನು ಮೇಲಿನ ಅಧಿಕಾರಿಗಳಿಗೆ ಮೊರೆಯಿಡಲು ಸರಕಾರದ ಉಗ್ರಾಣದಿಂದ ಹಿಟ್ಟು ಬಂದಿತು. ಆದರೆ ನಗದು ರೊಕ್ಕವನ್ನು ಎಣಿಸಿದವರಿಗೆ ಹೊರತು ಯಾರಿಗೂ ಕೊಡಕೂಡದೆಂಬ ಕಟ್ಟಪ್ಪಣೆಯೂ ಅದರೊಡನೆ ಬಂದಿತು. ರೊಕ್ಕವಿದ್ದವರಿಗೆ ಹಸಿವೆಯಿಲ್ಲ, ಹಸಿದವರಲ್ಲಿ ರೊಕ್ಕವಿಲ್ಲ. ಇಂಥ ಸಂಕಟದಲ್ಲಿ ಸಾಮಾನ್ಯ ಅಧಿಕಾರಿಯಾಗಿದ್ದರೆ ಅಪ್ಪಣೆಯ ಕಾಗದವನ್ನು ಮುಂದೆ ಮಾಡಿ ಕೈತೊಳೆದುಕೊಳ್ಳುತ್ತಿದ್ದನು. ರೈಫೈಸೆನ್ನನು ಹಾಗೆ ಮಾಡಲಿಲ್ಲ. ತನ್ನ ಚಾಕರಿಗೆ ಕುತ್ತು ಬರಬಹುದೆಂಬುದನ್ನು ತಿಳಿದೂ ಆ ಹಿಟ್ಟನ್ನು ಉದ್ದರಿ ಹಂಚಿದನು.

ಆದರೆ ಅಪ್ಪಣೆಯನ್ನು ಮೀರಿದಷ್ಟಕ್ಕೆ ಆತನು ತೃಪ್ತನಾಗಲಿಲ್ಲ. ಆತನ ಹೆಚ್ಚಳವು ಮುಂದಿನ ಹೆಜ್ಜೆಯಲ್ಲಿದೆ. ಊರೂರುಗಳಲ್ಲಿ ಅನುಕೂಲಸ್ಥರಾದ ಗೃಹಸ್ಥರನ್ನು ಕೂಡಿಸಿ, ಅವರಿಂದ ಹಣವನ್ನು ಎತ್ತಿ, ರೊಟ್ಟಿಯ ಸಂಘವೊಂದನ್ನು ಸ್ಥಾಪಿಸಿದನು. ಧಾನ್ಯವನ್ನು ಸಗಟು ಕೊಂಡು ತರಿಸುವದು, ಎಲ್ಲರಿಗೂ ಸೇರಿದ ಒಂದು ದೊಡ್ಡ ಒಲೆಯ ಮನೆಯನ್ನು ಕಟ್ಟಿಸಿ ಅಲ್ಲಿ ರೊಟ್ಟಿಯನ್ನು ಸುಡುವದು, ಬಡವರಿಗೆ ಕಡಿಮೆ ಬೆಲೆಗೆ ಮತ್ತು ಬೆಳೆ ಬಂದ ಮೇಲೆ ತೀರಿಸುವ ಕರಾರಿನ ಮೇಲೆ ಕೊಡುವದು ಇದೇ ಅದರ ಕ್ರಮ. ಪೇಟೆಯ ಧಾರಣೆಯ ಸುಮಾರು ಅರ್ಧ ಬೆಲೆಗೆ ಜನರಿಗೆ ರೊಟ್ಟಿಯು ದೊರೆಯಿತು. ಹೀಗೆ ಕೊಟ್ಟ ರೊಟ್ಟಿಯನ್ನು ಭಿಕ್ಷವೆನ್ನಲು ಬಾರದು, ಅದು ಸಾಲ. ತೆಗೆದುಕೊಂಡವನು ಮೋರೆ ತಗ್ಗಿಸಬೇಕಾದುದಿಲ್ಲ, ಸುಗ್ಗಿಯಲ್ಲಿ ತಿರುಗಿ ಕೊಟ್ಟರಾಯಿತು. ಮುಂದೆ ಬೆಳೆದ ಮಹಾವೃಕ್ಷದ ಬೀಜವು ಈ ಒಲೆಯ ಮನೆಯಲ್ಲಿಯೇ ಇದ್ದಿತು.

1848ರಲ್ಲಿ ಆತನಿಗೆ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಇದು ಮೂವತ್ತಕ್ಕೂ ಮಿಕ್ಕಿದ ಹಳ್ಳಿಗಳ ಗುಂಪು. ಇಲ್ಲಿ ಆತನು ಕ್ಷಾಮಕ್ಕಿಂತಲೂ ಕ್ರೂರವಾದ ಇನ್ನೊಂದು ಪೀಡೆಯನ್ನು ಕಂಡನು. ಕ್ಷಾಮವು ಬಂದು ಹೋಗುವದು. ಈ ಪೀಡೆಯು ಮನೆಯಲ್ಲಿಯೇ ನಿಂತುಬಿಡುವದು. ದನವಿಲ್ಲದ ಒಕ್ಕಲಿಗನು ವ್ಯಾಪಾರಿಯ ಕಡೆಯಿಂದ ಉದ್ದರಿ ಒಂದು ಆಕಳನ್ನು ತರುವನು. ಮೇಯಿಸುವವನು ಇವನು, ಒಡೆತನವು ಅವನದು. ಆಕಳು ಬಲಿತು ಬೆಲೆ ಬಂದಾಗ ವ್ಯಾಪಾರಿಯು ಅದನ್ನು ಹೊಡೆದುಕೊಂಡು ಹೋಗಿ ಬಡಕಲು ದನವೊಂದನ್ನು ಕಟ್ಟಿ ಹೋಗುವನು. ಬಡ್ಡಿಯ ಮೇಲೆ ಬಡ್ಡಿ ಬೆಳೆದು ಕೊನೆಗೆ ಹೊಲವು ಹೋಗುವದು, ಹೊಲದ ಬೆನ್ನಿಗೆ ಮನೆ. ಬರಗಾಲದ ಬಿಜಾಪುರ ಧಾರವಾಡ ಸೀಮೆಗಳ ಹಳೆಯ ದಿನಗಳನ್ನು ಬಲ್ಲವರಿಗೆ ಈ ಕಥೆಯನ್ನು ಬಿಚ್ಚಿ ಹೇಳಬೇಕಾಗಿಲ್ಲ. ದೇಶವು ಬೇರೆಯಾದರೂ ಸಾಲದ ಉರುಲಿನ ಗಂಟು ಒಂದೇ ಬಗೆಯದು.

ಈ ಗಂಟನ್ನು ಬಿಡಿಸಲು ರೈಫೈಸೆನ್ನನು 1849ರಲ್ಲಿ ಫ್ಲಾಮರ್ಸ್‌ಫೆಲ್ಡಿನಲ್ಲಿ ಬಡ ಒಕ್ಕಲಿಗರ ಸಹಾಯಕ ಸಂಘವನ್ನು ಕಟ್ಟಿದನು. ಸುಮಾರು ಅರುವತ್ತು ಜನ ಸ್ಥಿತಿವಂತರು ಅದರಲ್ಲಿ ಸೇರಿ, ಸಂಘವು ತರುವ ಸಾಲಕ್ಕೆ ತಮ್ಮ ಸರ್ವಸ್ವವನ್ನೂ ಹೊಣೆಯಾಗಿ ನಿಲ್ಲಿಸಿದರು. ಇಂಥವರ ಜಾಮೀನನ್ನು ನಂಬಿ ಪೇಟೆಯ ಹಣವು ಸೌಮ್ಯವಾದ ಬಡ್ಡಿಗೆ ಹಳ್ಳಿಯತ್ತ ಹರಿಯಿತು. ಮೊದಲು ಸಂಘವು ತಾನೇ ದನಗಳನ್ನು ಕೊಂಡು ಒಕ್ಕಲಿಗರಿಗೆ ಕೊಡುತ್ತಿದ್ದಿತು. ಐದು ವರ್ಷಗಳ ಕಂತುಗಳಲ್ಲಿ ಅವರು ಬೆಲೆಯನ್ನು ತೀರಿಸುತ್ತಿದ್ದರು. ಕೆಲವು ಕಾಲದ ಮೇಲೆ ದನದ ಬದಲು ಹಣವನ್ನೇ ಸಾಲವಾಗಿ ಕೊಡುವದು ಲೇಸೆಂದು ಕಂಡುಬಂದಿತು. ತನ್ನ ಕೊಟ್ಟಿಗೆಯ ಆಕಳು ತನ್ನದೇ ಎಂದು ಹೇಳುವ ಭಾಗ್ಯವು ಅನೇಕ ಮನೆಗಳಿಗೆ ಮೊದಲ ಸಲ ಬಂದಿತು.

1852ರಲ್ಲಿ ರೈಫೈಸೆನ್ನನು ನಾಯ್‌ವೀಡ್ ಪಟ್ಟಣಕ್ಕೆ ಹೊಂದಿದ ಹೆಡ್ಡೆಸ್‌ಡಾರ್ಫ್ ಎಂಬಲ್ಲಿಗೆ ಪುರಾಧ್ಯಕ್ಷನಾಗಿ ಹೋದನು. ಎರಡು ವರ್ಷಗಳ ತರುವಾಯ, 1854ರಲ್ಲಿ, ಅಲ್ಲಿಯೂ ಒಂದು ಧರ್ಮಸಂಘವು ಹುಟ್ಟಿತು. ಅದರ ಉದ್ದೇಶಗಳು ಬಹು ವಿಶಾಲವಾಗಿದ್ದವು. ದಿಕ್ಕಿಲ್ಲದ ಮಕ್ಕಳನ್ನು ಸಾಕಿ ಓದಿಸುವದು, ಸೆರೆಮನೆಯಿಂದ ಬಿಡುಗಡೆಯಾಗಿ ಬಂದವರಿಗೆ ಕೆಲಸ ಕೊಡಿಸುವದು, ಜನರಿಗಾಗಿ ಪುಸ್ತಕಭಂಡಾರವನ್ನು ಇಡುವದು, ಬಡವರಿಗೆ ಸಾಲ ಕೊಡುವದು, ಇವೆಲ್ಲವನ್ನೂ ಒಂದೇ ಸಂಘವು ಕೈಕೊಂಡಿತು. ಆದರೆ ಇಲ್ಲಿ ಆತನ ಜೀವಿತದ ಅತ್ಯಂತ ಕಠಿಣವಾದ ಪಾಠವು ಕಾದಿದ್ದಿತು. ಮೊದಲಿನ ಉತ್ಸಾಹವು ಇಳಿದ ಮೇಲೆ ಧನಿಕರಾದ ಸದಸ್ಯರು ಒಬ್ಬೊಬ್ಬರಾಗಿ ಹಿಂದೆಗೆದರು. ಇನ್ನೊಬ್ಬರ ಸಾಲಕ್ಕೆ ತಾವು ಎಷ್ಟು ದಿನ ಹೊಣೆ ಹೊರಬೇಕೆಂಬ ಬೇಸರವು ಅವರಲ್ಲಿ ಮೂಡಿತು. ಅವರು ಕೆಟ್ಟವರಾಗಿರಲಿಲ್ಲ, ದಣಿದಿದ್ದರು. ಪಡೆದುಕೊಳ್ಳುತ್ತಿದ್ದ ಬಡವರಾದರೂ ಸಂಘವನ್ನು ತಮ್ಮದೆಂದು ಬಗೆಯದೆ ಧನಿಕರದೆಂದೇ ತಿಳಿದಿದ್ದರು. ಸಂಘದ ಉದ್ದೇಶಗಳು ಒಂದೊಂದಾಗಿ ಉದುರಿ, ಸಾಲ ಕೊಡುವ ಕಾರ್ಯವೊಂದೇ ಹೇಗೋ ಉಸಿರಾಡುತ್ತ ಉಳಿಯಿತು.

ಈ ಸೋಲು ರೈಫೈಸೆನ್ನನ ಮನಸ್ಸನ್ನು ಬಹಳ ನೋಯಿಸಿತು. ಕ್ರೈಸ್ತ ಧರ್ಮದಲ್ಲಿ ದೃಢವಾದ ಶ್ರದ್ಧೆಯುಳ್ಳ ಆತನು ಉಳ್ಳವರ ದಯೆಯೇ ಬಡತನಕ್ಕೆ ಮದ್ದೆಂದು ಬಹು ದಿನ ನಂಬಿದ್ದನು. ಆ ನಂಬಿಗೆಯನ್ನು ಬಿಟ್ಟುಕೊಡುವದು ಆತನಿಗೆ ಸುಲಭವಾಗಿರಲಿಲ್ಲ. ಆದರೂ ಅನುಭವವು ಹೇಳಿದುದನ್ನು ಆತನು ಕೇಳಿದನು. ಬಡವನು ಸಂಘದ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವವರೆಗೆ ಸಂಘವು ಬಾಳದು. ಅವನೂ ಒಳಗೆ ಬಂದು ಸದಸ್ಯನಾಗಿ, ನೆರೆಯವನ ಸಾಲಕ್ಕೆ ತಾನೂ ಹೊಣೆಯಾಗಿ ನಿಲ್ಲಬೇಕು. 1862ರಲ್ಲಿ ಆನ್‌ಹೌಸೆನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಸಂಘದಲ್ಲಿ ಈ ತತ್ವವು ಮೊದಲು ಆಚರಣೆಗೆ ಬಂದಿತು. 1864ರಲ್ಲಿ ಹೆಡ್ಡೆಸ್‌ಡಾರ್ಫಿನ ಹಳೆಯ ಧರ್ಮಸಂಘವೂ ಇದೇ ಕ್ರಮದ ಸಾಲದ ಸಂಘವಾಗಿ ಮಾರ್ಪಟ್ಟಿತು. ದಾನಿ ಮತ್ತು ದೀನ ಎಂಬ ಎರಡು ಸಾಲುಗಳು ಅಳಿದು ಒಂದೇ ಪಂಕ್ತಿಯಾಯಿತು. ಆದರೂ ದಯೆಯು ಆ ಪಂಕ್ತಿಯಿಂದ ಹೊರಗುಳಿಯಲಿಲ್ಲ. ಸ್ಥಿತಿವಂತನು ತನ್ನ ಹೊಲಮನೆಗಳನ್ನೂ ಬಡವನು ತನ್ನ ನಡತೆಯನ್ನೂ ತಂದು ಒಂದೇ ಗಂಟಿನಲ್ಲಿ ಕಟ್ಟಿದರು.

ಆತನು ಹಾಕಿಕೊಟ್ಟ ಕಟ್ಟಳೆಗಳನ್ನು ಇಲ್ಲಿ ಸಂಕ್ಷೇಪವಾಗಿ ನೋಡುವದು ಉಚಿತ. ಒಂದು ಸಂಘದ ಮೇರೆಯು ಒಂದು ಹಳ್ಳಿ ಅಥವಾ ಹೆಚ್ಚೆಂದರೆ ಒಂದು ಇಗರ್ಜಿಗೆ ಸೇರಿದ ಹಳ್ಳಿಗಳಷ್ಟೇ ಇರಬೇಕು. ಏಕೆಂದರೆ ಒಬ್ಬರನ್ನೊಬ್ಬರು ಬಲ್ಲವರಲ್ಲಿ ಮಾತ್ರ ವಿಶ್ವಾಸವು ನಿಲ್ಲುವದು. ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ಮಿತಿಯಿಲ್ಲದೆ ಹೊಣೆಗಾರರು. ಆದುದರಿಂದ ಸಾಲವನ್ನು ಯಾರಿಗೆ, ಯಾವ ಕೆಲಸಕ್ಕೆ ಕೊಡುತ್ತೇವೆಂಬುದನ್ನು ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ನೋಡುವರು. ಬೀಜ, ದನ, ಗೊಬ್ಬರ ಮೊದಲಾದ ಹುಟ್ಟುವಳಿಯ ಕಾರ್ಯಕ್ಕೇ ಸಾಲ. ಮರುಪಾವತಿಯು ಭೂಮಿಯ ಫಲವನ್ನು ನೋಡಿಕೊಂಡು ದೀರ್ಘವಾದ ಕಂತುಗಳಲ್ಲಿ. ಆಡಳಿತ ಮಂಡಳಿಯವರಿಗೆ ಸಂಬಳವಿಲ್ಲ. ಲೆಕ್ಕವಿಡುವವನೊಬ್ಬನಿಗೆ ಮಾತ್ರ ಅಲ್ಪ ವೇತನ. ಲಾಭವನ್ನು ಹಂಚಿಕೊಳ್ಳಕೂಡದು, ಅದು ಯಾರೂ ಪಾಲು ಕೇಳಲಾರದ ಕಾಯ್ದಿಟ್ಟ ನಿಧಿಯಾಗಿ ಬೆಳೆದು ಊರಿನ ಹಿತಕ್ಕೆ ಸಲ್ಲಬೇಕು. ಈ ಕಟ್ಟಳೆಗಳಲ್ಲಿ ಒಂದೊಂದೂ ಯಾವದೋ ಒಂದು ಸೋಲಿನಿಂದ ಕಲಿತುದಾಗಿದ್ದಿತು.

ಲೋಕದ ಕಷ್ಟವನ್ನು ಹೊತ್ತವನ ಮನೆಯಲ್ಲಿ ಸುಖವು ಹೆಚ್ಚಾಗಿರಲಿಲ್ಲ. ಹುಟ್ಟಿದ ಏಳು ಮಕ್ಕಳಲ್ಲಿ ಮೂವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. 1863ರಲ್ಲಿ ಸಹಧರ್ಮಿಣಿಯಾದ ಎಮಿಲಿಯೆಯೂ ಇಹಲೋಕವನ್ನು ಬಿಟ್ಟಳು. ಆತನ ದೇಹಸ್ಥಿತಿಯೂ ಕೆಟ್ಟು, ಕಣ್ಣುಗಳು ದಿನೇ ದಿನೇ ಮಂಜಾದವು. 1865ರಲ್ಲಿ, ನಾಲ್ವತ್ತೇಳನೆಯ ವಯಸ್ಸಿನಲ್ಲಿ, ಸರಕಾರವು ಆತನನ್ನು ಅಲ್ಪ ವಿಶ್ರಾಂತಿವೇತನದ ಮೇಲೆ ಸೇವೆಯಿಂದ ಬಿಡುಗಡೆ ಮಾಡಿತು. ಆ ವೇತನವು ಸಂಸಾರಕ್ಕೆ ಸಾಲದೆ ಆತನು ಮೊದಲು ಚುಟ್ಟಾ ತಯಾರಿಸುವ ಉದ್ಯಮವನ್ನೂ ಬಳಿಕ ಆ ನಾಡಿನಲ್ಲಿ ರೂಢಿಯಲ್ಲಿರುವ ದ್ರಾಕ್ಷಾರಸದ ವ್ಯಾಪಾರವನ್ನೂ ಕೈಕೊಂಡನು. ಸಾವಿರಾರು ಮನೆಗಳ ಸಾಲವನ್ನು ಬಿಡಿಸಿದವನು ತನ್ನ ಮನೆಯ ಹೊಟ್ಟೆಪಾಡಿಗೆ ವ್ಯಾಪಾರ ಮಾಡಬೇಕಾಯಿತು. ಆದರೆ ಸಂಘಗಳ ಗಲ್ಲೆಯನ್ನು ತನ್ನ ಅಡಚಣೆಗೆ ಮುಟ್ಟಲಿಲ್ಲ. 1867ರಲ್ಲಿ ಮರಿಯಾ ಎಂಬ ವಿಧವೆಯನ್ನು ಎರಡನೆಯ ಹೆಂಡತಿಯನ್ನಾಗಿ ಕೈಹಿಡಿದನು.

ಆತನ ಮುಂದಿನ ಕಾರ್ಯಕ್ಕೆ ಕಣ್ಣಾದವಳು ಹಿರಿಯ ಮಗಳಾದ ಅಮಾಲಿಯೆ. ಅಜ್ಜಿಯ ಹೆಸರನ್ನು ಹೊತ್ತ ಈ ಕನ್ಯೆಯು ಮದುವೆಯ ಯೋಚನೆಯನ್ನು ಬದಿಗಿಟ್ಟು ತಂದೆಯ ಸೇವೆಗೆ ನಿಂತಳು. ಬಂದ ಪತ್ರಗಳನ್ನು ಓದಿ ಹೇಳುವವಳು ಅವಳು, ತಂದೆಯು ನುಡಿದುದನ್ನು ಬರೆದುಕೊಳ್ಳುವವಳೂ ಅವಳೇ. 1866ರಲ್ಲಿ ಪ್ರಕಟವಾದ ಆತನ ಗ್ರಂಥವು ಸಾಲದ ಸಂಘಗಳನ್ನು ಕಟ್ಟುವ ಬಗೆಯನ್ನು ಹಳ್ಳಿಯ ಶಿಕ್ಷಕನಿಗೂ ಪಾದ್ರಿಗೂ ತಿಳಿಯುವಂತೆ ವಿವರಿಸುತ್ತದೆ. ಆತನ ಜೀವಿತಕಾಲದಲ್ಲಿಯೇ ಅದು ಹಲವು ಆವೃತ್ತಿಗಳನ್ನು ಕಂಡಿತು. ಅದನ್ನು ಓದಿದವರು ಊರೂರುಗಳಿಂದ ಪತ್ರ ಬರೆದು ಸಲಹೆ ಕೇಳಿದರು. ಕಣ್ಣು ಕಾಣದ ತಂದೆಯೂ ಬಾಳನ್ನು ತೆತ್ತ ಮಗಳೂ ಕೂಡಿ ಆ ಪತ್ರಗಳಿಗೆ ಉತ್ತರ ಕೊಟ್ಟರು. ತಂದೆಯ ಕೀರ್ತಿಯನ್ನು ಕೊಂಡಾಡುವವರು ಈ ಮಗಳ ಋಣವನ್ನು ಮರೆಯಲಾಗದು.

ಸಂಘಗಳ ಸಂಖ್ಯೆಯು ಬೆಳೆದಂತೆ ಹೊಸ ತೊಡಕೊಂದು ತಲೆದೋರಿತು. ಒಂದು ಹಳ್ಳಿಯಲ್ಲಿ ಹಣವು ಕೂಡಿಬಿದ್ದಿದ್ದರೆ ಇನ್ನೊಂದರಲ್ಲಿ ಬಿತ್ತುವ ಕಾಲಕ್ಕೆ ಕಾಸಿಲ್ಲ. ಈ ಏರುಪೇರನ್ನು ಸರಿದೂಗಿಸಲು ರೈಫೈಸೆನ್ನನು 1872ರಲ್ಲಿ ನಾಯ್‌ವೀಡಿನಲ್ಲಿ ರೈನ್ ಪ್ರಾಂತದ ಒಕ್ಕಲುತನದ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದನು. ನಾಯ್‌ವೀಡಿನ ಅರಸು ಮನೆತನದವನಾದ ವೀಡ್ ರಾಜಕುಮಾರನು ಆತನಿಗೆ ಬೆಂಬಲವಾಗಿದ್ದನು. ಆದರೆ ಪಟ್ಟಣದ ಕಸಬುದಾರರಲ್ಲಿ ಸಹಕಾರವನ್ನು ಹರಡಿ ಪ್ರಖ್ಯಾತನಾಗಿದ್ದ ಶುಲ್ಟ್ಸೆ-ಡೆಲಿಟ್ಚ್ ಎಂಬ ನ್ಯಾಯಾಧೀಶನೂ ಶಾಸನಸಭಾಸದನೂ ಈ ಕ್ರಮವನ್ನು ಬಲವಾಗಿ ವಿರೋಧಿಸಿದನು. ಸದಸ್ಯರು ಷೇರು ಹಣವನ್ನು ತೆರಬೇಕು, ಲಾಭಾಂಶವನ್ನು ಹಂಚಬೇಕು, ಸಾಲವು ಅಲ್ಪಾವಧಿಯದಿರಬೇಕೆಂಬುದು ಅವನ ಮತ. ಕಾಯಿದೆಯ ಆಕ್ಷೇಪಣೆಗಳು ಬಂದುದರಿಂದ ಮೊದಲಿನ ಏರ್ಪಾಡು ನಿಲ್ಲಲಿಲ್ಲ. 1876ರಲ್ಲಿ ನಾಯ್‌ವೀಡಿನಲ್ಲಿ ಬೇರೊಂದು ರೂಪದಿಂದ ಕೇಂದ್ರ ಭಂಡಾರವು ಏರ್ಪಟ್ಟಿತು. 1877ರಲ್ಲಿ ಸಂಘಗಳ ಒಕ್ಕೂಟವೂ ಹುಟ್ಟಿತು. ಪಟ್ಟಣಕ್ಕೆ ಒಪ್ಪುವದು ಶುಲ್ಟ್ಸೆಯ ಕ್ರಮ, ಹೊಲಕ್ಕೆ ಒಪ್ಪುವದು ರೈಫೈಸೆನ್ನನ ಕ್ರಮವೆಂಬುದು ಕಾಲಾನುಕ್ರಮದಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

ಮಹನೀಯರ ಚರಿತ್ರೆಯನ್ನು ಹೇಳುವಾಗ ದೋಷವನ್ನು ಮುಚ್ಚುವದು ಸತ್ಯಕ್ಕೆ ಸಲ್ಲದು. ಆ ನಾಡಿನ ದನದ ವ್ಯಾಪಾರಿಗಳಲ್ಲಿಯೂ ಸಾಹುಕಾರರಲ್ಲಿಯೂ ಕೆಲವರು ಯೆಹೂದ್ಯರಿದ್ದರು. ಕೆಲವರ ನಡತೆಗಾಗಿ ಆ ಸಮಾಜವನ್ನೇ ಹಳಿಯುವ ಮಾತುಗಳು ರೈಫೈಸೆನ್ನನ ಬರಹಗಳಲ್ಲಿ ಕಾಣುತ್ತವೆ. ಅಂದಿನ ಜನರಲ್ಲಿ ಈ ದ್ವೇಷವು ಹರಡಿದ್ದಿತೆಂಬುದು ನಿಜ. ಆದರೆ ಅದರಿಂದ ಆ ಮಾತುಗಳು ನ್ಯಾಯವಾಗಲಾರವು. ಮುಂದಿನ ಶತಮಾನದಲ್ಲಿ ಆ ದ್ವೇಷವೇ ಜರ್ಮನಿಯಲ್ಲಿ ಎಂಥ ಘೋರ ಕೃತ್ಯಗಳಿಗೆ ಎಡೆಗೊಟ್ಟಿತೆಂಬುದನ್ನು ಲೋಕವು ಬಲ್ಲದು. ಬಡ್ಡಿಯ ಕ್ರೌರ್ಯಕ್ಕೆ ಕಾರಣವು ಒಂದು ಜಾತಿಯಲ್ಲ, ಬಡವನಿಗೆ ಬೇರೆ ಪತ್ತು ಇಲ್ಲದಿರುವದು ಎಂಬುದನ್ನು ಆತನ ಸಂಘಗಳೇ ಸಿದ್ಧಪಡಿಸಿ ತೋರಿಸಿದವು. ಈ ಒಂದು ವಿಷಯದಲ್ಲಿ ಆತನ ಕೃತಿಯು ಆತನ ನುಡಿಗಿಂತ ಹಿರಿದಾಯಿತು.

1888ನೆಯ ಇಸವಿ ಮಾರ್ಚ್ 9ರಂದು ಜರ್ಮನ್ ಚಕ್ರವರ್ತಿಯಾದ ಒಂದನೆಯ ವಿಲ್ಹೆಲ್ಮನು ಬರ್ಲಿನ್ನಿನಲ್ಲಿ ಕಾಲಾಧೀನನಾದನು. ಇಡೀ ದೇಶವು ಆ ಶೋಕದಲ್ಲಿ ಮುಳುಗಿರುವಾಗ, ಎರಡು ದಿನಗಳ ಮೇಲೆ, ಮಾರ್ಚ್ 11ರಂದು ಹೆಡ್ಡೆಸ್‌ಡಾರ್ಫಿನಲ್ಲಿ ಈ ನಿವೃತ್ತ ಪುರಾಧ್ಯಕ್ಷನು ದೇಹವನ್ನು ಬಿಟ್ಟನು. ಎಪ್ಪತ್ತು ವರ್ಷ ತುಂಬಲು ಇನ್ನು ಕೆಲವೇ ದಿನಗಳಿದ್ದವು. ಆಗ ಆತನ ಒಕ್ಕೂಟದಲ್ಲಿ 423 ಸಂಘಗಳಿದ್ದವು. ಹಳ್ಳಿಯ ಜನರು ಆತನನ್ನು ತಂದೆ ರೈಫೈಸೆನ್ ಎಂದು ಕರೆಯುತ್ತಿದ್ದರು. ಸರಕಾರದ ಯಾವ ಬಿರುದೂ ಇದಕ್ಕೆ ಸಮನಾಗದು. ಆತನ ಕ್ರಮವು ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್ ಮೊದಲಾದ ದೇಶಗಳಿಗೆ ಹಬ್ಬಿತು. ಅಲ್ಲಿಯ ದೊಡ್ಡ ಬ್ಯಾಂಕುಗಳು ಇಂದಿಗೂ ಆತನ ಹೆಸರನ್ನು ಧರಿಸಿವೆ. ಸಹಕಾರ ಸಂಘಗಳ ತತ್ವವನ್ನೂ ಆಚರಣೆಯನ್ನೂ ವಿಶ್ವಸಂಸ್ಥೆಯ ಯುನೆಸ್ಕೋ ಅಂಗವು 2016ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಈ ಜ್ಯೋತಿಯು ನಮ್ಮ ನಾಡನ್ನು ಮುಟ್ಟಿದ ಬಗೆಯೂ ತಿಳಿಯತಕ್ಕದ್ದು. ಕ್ಷಾಮಗಳಿಂದಲೂ ಸಾಲದಿಂದಲೂ ಹಿಂದುಸ್ಥಾನದ ಒಕ್ಕಲಿಗರು ನೆಲಕಚ್ಚಿದ್ದ ಕಾಲದಲ್ಲಿ, ಮದ್ರಾಸ್ ಸರಕಾರವು 1892ರಲ್ಲಿ ಫ್ರೆಡರಿಕ್ ನಿಕೊಲ್ಸನ್ ಎಂಬ ಅಧಿಕಾರಿಯನ್ನು ಯುರೋಪದ ಪತ್ತಿನ ಸಂಸ್ಥೆಗಳ ಅಭ್ಯಾಸಕ್ಕಾಗಿ ನಿಯಮಿಸಿತು. ಅವನು ವಿಸ್ತಾರವಾದ ವರದಿಯನ್ನು ಬರೆದು, ಅದರ ಸಾರವನ್ನೆಲ್ಲ ರೈಫೈಸೆನ್ನನಂಥವನನ್ನು ಈ ದೇಶದಲ್ಲಿಯೂ ಹುಡುಕಬೇಕೆಂಬ ಒಂದು ಸೂಚನೆಯಲ್ಲಿ ಅಡಗಿಸಿದನು. ಕಾಯಿದೆಗಳಿಗಿಂತ ಮೊದಲು ಮನುಷ್ಯನು ಬೇಕೆಂಬುದೇ ಅದರ ತಾತ್ಪರ್ಯ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದಿತು. ಹಳ್ಳಿಯ ಸಂಘಗಳಲ್ಲಿ ಮಿತಿಯಿಲ್ಲದ ಹೊಣೆ, ಲಾಭವು ಕಾಯ್ದಿಟ್ಟ ನಿಧಿಗೆ ಸಲ್ಲುವದು ಮುಂತಾದ ರೈಫೈಸೆನ್ನನ ಕಟ್ಟಳೆಗಳೇ ಅದರಲ್ಲಿ ಸೇರಿದವು.

ಆ ಕಾಯಿದೆಯ ಮೇರೆಗೆ 1905ನೆಯ ಇಸವಿ ಮೇ ತಿಂಗಳಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳ ಗ್ರಾಮದಲ್ಲಿ ಹುಟ್ಟಿದ ಸಂಘವು ದೇಶದ ಮೊದಲ ಒಕ್ಕಲುತನದ ಪತ್ತಿನ ಸಹಕಾರ ಸಂಘವೆಂದು ಎಣಿಸಲ್ಪಡುತ್ತದೆ. ಅದನ್ನು ಕಟ್ಟಿ ಬೆಳೆಸಿದವರು ಅದೇ ಊರಿನ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. ನಿಕೊಲ್ಸನ್ನನು ಹುಡುಕಬೇಕೆಂದ ಮನುಷ್ಯನು ಗದಗ ಸೀಮೆಯ ಕರಿ ನೆಲದಲ್ಲಿ ದೊರೆತನು. ವೆಸ್ಟರ್ವಾಲ್ಡಿನ ಹಿಮದ ಗುಡ್ಡಗಳಲ್ಲಿ ಒಬ್ಬ ಪುರಾಧ್ಯಕ್ಷನು ಹಚ್ಚಿದ ದೀಪದಿಂದ ಜೋಳ ಹತ್ತಿಗಳ ಈ ಎರೆಭೂಮಿಯಲ್ಲಿ ಒಬ್ಬ ಗೌಡರು ದೀಪವನ್ನು ಹಚ್ಚಿಕೊಂಡರು.

ಕಾಯಕ ದಾಸೋಹಗಳನ್ನು ಎಂಟುನೂರು ವರ್ಷಗಳಿಂದ ಕೇಳುತ್ತ ಬಂದ ಜನರಿಗೆ ರೈಫೈಸೆನ್ನನ ಜೀವಿತವು ಪರಕೀಯವಾಗಿ ತೋರದು. ಶರಣರು ದುಡಿಮೆಯನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ನೀಡುವವನೂ ಪಡೆಯುವವನೂ ಒಂದೇ ಪಂಕ್ತಿಯಲ್ಲಿ ಕೂಡುವ ಸಮಾಜವನ್ನು ಬಯಸಿದರು. ಮಠಮಾನ್ಯಗಳು ಅನ್ನದಾಸೋಹವನ್ನೂ ಜ್ಞಾನದಾಸೋಹವನ್ನೂ ನಡೆಸಿ ಆ ಬಯಕೆಯನ್ನು ಬಾಳಿಸಿಕೊಂಡು ಬಂದಿವೆ. ಅನ್ಯ ಧರ್ಮದಲ್ಲಿ, ಅನ್ಯ ದೇಶದಲ್ಲಿ ಹುಟ್ಟಿದ ಈ ಪುರುಷನು ತನ್ನ ದಾರಿಯಿಂದ ನಡೆದು ಅದೇ ಪಂಕ್ತಿಯ ಬಳಿಗೆ ಬಂದನು. ಆದರೆ ಆತನ ಕಥೆಯು ನಮಗೆ ಎಚ್ಚರಿಕೆಯೂ ಅಹುದು. ಸಂಘವು ಊರಿನವರ ವಿಶ್ವಾಸದಿಂದ ಬಾಳುತ್ತದೆ. ಬಲ್ಲಿದನು ಸಾಲವನ್ನು ಮರಳಿಸದೆ ಬಿಟ್ಟಾಗ, ಆಡಳಿತದವರು ನಿಧಿಯನ್ನು ತಮ್ಮದೆಂದು ಬಗೆದಾಗ, ಹಲಗೆಯ ಮೇಲೆ ಹೆಸರು ಉಳಿದರೂ ಒಳಗಿನ ಪ್ರಾಣವು ಹೋಗುವದು. ಹಿಟ್ಟಿನ ಚೀಲಗಳ ಮುಂದೆ ನಿಂತು ಅಪ್ಪಣೆಗಿಂತ ಹಸಿವೆಯನ್ನು ದೊಡ್ಡದೆಂದು ಬಗೆದ, ತನ್ನ ಸೋಲನ್ನು ಒಪ್ಪಿ ತಿದ್ದಿಕೊಂಡ, ಊರಿನ ಹಣದಲ್ಲಿ ತನಗಾಗಿ ಕಾಸನ್ನೂ ಬಯಸದ ಅಧಿಕಾರಿಗಳು ಊರೂರಿಗೆ ಒಬ್ಬೊಬ್ಬರಾದರೂ ಹುಟ್ಟಲಿ. ಅಂಥವರಿಂದ ದೀನರ ಮನೆಗಳ ಒಲೆಗಳು ತಣ್ಣಗಾಗದೆ ಉರಿಯಲಿ.